ಯುವಿಸಿಇ ಸೀಟಿನ ಅಂದಾಜು: ದುಡ್ಡು ಕೊಟ್ಟು ಪಡೆದದ್ದು, ಪುಕ್ಕಟೆಯಾಗಿ ಸಿಕ್ಕದ್ದು

ಕೌನ್ಸೆಲಿಂಗ್ ಕಚೇರಿಯವರು ನನ್ನ ಅಕ್ಕನ ಮಗಳ ಕೈಗೆ ಕೊಟ್ಟ ಹಾಳೆಯಲ್ಲಿ, ಹಸಿರು ಚೌಕದೊಳಗೆ, ‘ಯುವಿಸಿಇ, ಎಲೆಕ್ಟ್ರಾನಿಕ್ಸ್: 78%’ ಎಂದು ಅಚ್ಚಾಗಿತ್ತು; ಯುವಿಸಿಇ, ಎಂದರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್‌ನಲ್ಲಿ, ಆ ಶಾಖೆಯ ಸೀಟು ಸಿಗುವ ಸಂಭವ ಅಷ್ಟು ಎಂದು. ಅದನ್ನು ಓದಿ ಮನೆಯವರೆಲ್ಲರ ಮುಖ ಅರಳಿತು. ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಗೆ ಬೆಂಗಳೂರಿನ ಕೆ.ಆರ್. ವೃತ್ತದ ಆ ಹಳೆಯ ಕಾಲೇಜಿನಲ್ಲಿ ಜಾಗ ಸಿಗುವುದೆಂದರೆ ಮನೆಯ ಮಟ್ಟಿಗೆ ಸಣ್ಣ ಮಾತಲ್ಲ. ಆದರೆ ಈ 78 ಯಾವ ಲೆಕ್ಕದಿಂದ ಬಂತು ಎಂದು ನಾನು ಕೇಳಿದಾಗ, ‘ನಮ್ಮ ಸಾಫ್ಟ್‌ವೇರ್ ಹಾಗೆ ತೋರಿಸುತ್ತದೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅಲ್ಲಿದ್ದವರಿಂದ ಬರಲಿಲ್ಲ. ಕಳೆದ ವರ್ಷ ನಾವು ಹಣ ಕೊಟ್ಟು ಪಡೆದ ಆ ಸೇವೆಯನ್ನೂ, ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಯಾರಿಗಾದರೂ ಉಚಿತವಾಗಿ ಸಿಗುವಂತೆ ಪ್ರಕಟಿಸುವ ಕಟಾಫ್ (ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತೆಂಬ) ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಅನುಭವವನ್ನು, ಈ ವರ್ಷ ಇದೇ ದಾರಿಯಲ್ಲಿರುವವರಿಗೆ ನೆರವಾಗಲಿ ಎಂದು ಬರೆಯುತ್ತಿದ್ದೇನೆ. ಆಕೆಯ ರ‍್ಯಾಂಕನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ಓದುವವರು ತಮ್ಮ ರ‍್ಯಾಂಕನ್ನು ಅದರ ಪಕ್ಕದಲ್ಲಿಟ್ಟು ಸಮಾಧಾನವನ್ನೋ ದುಃಖವನ್ನೋ ಪಡುತ್ತಾರೆ, ಮತ್ತು ಆ ಎರಡೂ ತಪ್ಪು ಎಂಬುದೇ ಈ ಬರಹದ ವಿಷಯ.

ಮೊದಲು ಕಾಲೇಜಿನ ಬಗ್ಗೆ ಒಂದೆರಡು ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ, ಆರಂಭವಾದ ಈ ಕಾಲೇಜು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಭಾಗವಾಗಿ ದಶಕಗಳ ಕಾಲ ನಡೆಯಿತು. 2021ರ ಕಾಯ್ದೆಯ ಮೂಲಕ ಈಗ ಅದು ಸ್ವತಃ ಒಂದು ರಾಜ್ಯ ವಿಶ್ವವಿದ್ಯಾಲಯವಾಗಿದೆ. ನಗರದ ನಡುವಿನ ಜಾಗ, ಹಳೆಯ ಹೆಸರು, ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಶುಲ್ಕಕ್ಕಿಂತಲೂ ಬಹಳ ಕಡಿಮೆಯಾದ ಶುಲ್ಕ, ಈ ಮೂರೂ ಒಂದೇ ಕಡೆ ಸಿಗುವುದರಿಂದ ಓದಿನಲ್ಲಿ ಮುಂದಿರುವ, ಆದರೆ ಕೈಯಲ್ಲಿ ಹಣವಿಲ್ಲದ ಮನೆಗಳ ಮಕ್ಕಳು ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆದ ಮೇಲೆ ಮೊದಲು ಹೇಳುವ ಹೆಸರು ಇದೇ. ಹಾಗಾಗಿಯೇ ಇಲ್ಲಿನ ಸೀಟಿನ ಅಂದಾಜು ತಪ್ಪಿದರೆ ಪೆಟ್ಟು ಹೆಚ್ಚು: ಇದು ಕೈತಪ್ಪಿದವರಿಗೆ ಇದೇ ಖರ್ಚಿನಲ್ಲಿ ಇದೇ ಊರಿನಲ್ಲಿ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ.

ನಾವು ಹೋದ ಕೌನ್ಸೆಲಿಂಗ್ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅವರು ಪಡೆದದ್ದು 6,500 ರೂಪಾಯಿ, ಕೊಟ್ಟದ್ದು ಮುಕ್ಕಾಲು ಗಂಟೆಯ ಮಾತುಕತೆ, ಒಂದು ಬಣ್ಣದ ವರದಿ, ಮತ್ತು ಪ್ರವೇಶ ಮುಗಿಯುವವರೆಗೆ ವಾಟ್ಸ್‌ಆ್ಯಪ್‌ನಲ್ಲಿ ನೆನಪೋಲೆಗಳು. ಅವರಲ್ಲಿ ಒಳ್ಳೆಯದು ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ದಾಖಲೆಗಳ ಪಟ್ಟಿಯನ್ನು ಅವರು ಸರಿಯಾಗಿಯೇ ಕೊಟ್ಟರು, ದಿನಾಂಕಗಳನ್ನು ಒಂದನ್ನೂ ಮರೆಯದೆ ನೆನಪಿಸಿದರು, ಅಕ್ಕ ಕೇಳಿದ್ದನ್ನೇ ಮೂರು ಸಲ ಕೇಳಿದಾಗಲೂ ಬೇಸರಿಸದೆ ಉತ್ತರಿಸಿದರು. ಕೊರತೆ ಇದ್ದದ್ದು ನಾವು ಯಾವುದಕ್ಕಾಗಿ ಹಣ ಕೊಟ್ಟೆವೋ ಅದರಲ್ಲಿ. ಅವರು ತುಂಬಿಸಿಕೊಂಡ ಅರ್ಜಿಯಲ್ಲಿ ಹೆಸರು, ರ‍್ಯಾಂಕ್, ಪ್ರವರ್ಗ, ಇಷ್ಟದ ಶಾಖೆ, ಇಷ್ಟಕ್ಕೇ ಜಾಗವಿತ್ತು. ಹುಡುಗಿ ಓದಿದ್ದು ಗ್ರಾಮೀಣ ಶಾಲೆಯಲ್ಲೋ ಪಟ್ಟಣದಲ್ಲೋ, ಕನ್ನಡ ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳದೆ ಬಂದ ಶೇಕಡಾವಾರು, ಅದು 78 ಇರಲಿ, 18 ಇರಲಿ, ಆಕೆಗೆ ಸಂಬಂಧಿಸಿದ್ದೇ ಅಲ್ಲ ಎಂಬುದು ನಮಗೆ ಅರಿವಾದದ್ದು ಕಟಾಫ್ ಪಟ್ಟಿಯನ್ನು ಬಿಡಿಸಿ ಕುಳಿತ ಮೇಲೆ.

ಪ್ರಾಧಿಕಾರವು ಪ್ರತಿ ವರ್ಷ ಪ್ರತಿ ಸುತ್ತಿನ ಸೀಟು ಹಂಚಿಕೆಯ ನಂತರ ಈ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಹಾಕುತ್ತದೆ. ಯುವಿಸಿಇಯ ಸಂಕೇತ ಸಂಖ್ಯೆ ಇ-001 ಆದ್ದರಿಂದ ನೂರಾರು ಕಾಲೇಜುಗಳಿರುವ ಆ ದೊಡ್ಡ ದಾಖಲೆಯಲ್ಲಿ ಅದನ್ನು ಹುಡುಕಬೇಕಾಗಿಲ್ಲ; ಮೊದಲ ಪುಟದ ನೆತ್ತಿಯಲ್ಲೇ ಇರುತ್ತದೆ. ಎಡಗಡೆ ಶಾಖೆಗಳ ಹೆಸರು, ಅವುಗಳ ಬಲಕ್ಕೆ 24 ಕಾಲಂಗಳು. ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಸಾಮಾನ್ಯ ಅರ್ಹತೆ (ಜಿಎಂ), ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂಬ ಎಂಟು ಗುಂಪುಗಳು. ಒಂದೊಂದರಲ್ಲೂ ಮೂರು ಮನೆಗಳು: ಸಾಮಾನ್ಯ, ಕನ್ನಡ ಮಾಧ್ಯಮ, ಗ್ರಾಮೀಣ. 2ಎಜಿ, 2ಎಕೆ, 2ಎಆರ್ ಎಂದು ಬರೆದಿರುವುದು ಇದನ್ನೇ. ಒಂದೊಂದು ಮನೆಯಲ್ಲಿರುವ ಸಂಖ್ಯೆಯು ಆ ಶಾಖೆಯಲ್ಲಿ, ಆ ಗುಂಪಿನಲ್ಲಿ, ಆ ಸುತ್ತಿನಲ್ಲಿ ಕೊನೆಯ ಸೀಟು ಪಡೆದವರ ರ‍್ಯಾಂಕ್. ಅಷ್ಟೇ. ಅದರಲ್ಲಿ ಶೇಕಡಾವಾರು ಇಲ್ಲ, ಹಸಿರು ಚೌಕವೂ ಇಲ್ಲ.

ಮೊಬೈಲಿನ ಪುಟ್ಟ ಪರದೆಯಲ್ಲಿ ಇದನ್ನು ಓದಲು ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಬಲಕ್ಕೆ ಸರಿಸುತ್ತಾ ಹೋದಂತೆ ಮೇಲಿನ ಶೀರ್ಷಿಕೆಯ ಸಾಲು ಕಣ್ಣಿನಿಂದ ಮರೆಯಾಗಿ 2ಎಆರ್ ಎಂದುಕೊಂಡು 2ಬಿಜಿ ಕಾಲಮ್ಮಿನ ಸಂಖ್ಯೆಯನ್ನು ಓದುವ ಸಂಭವ ಬಹಳ; ನಮ್ಮ ಮೊದಲ ದಿನದ ಸಂತೋಷವೆಲ್ಲ ಹೀಗೆ ಕಾಲಂ ತಪ್ಪಿ ಓದಿದ ಒಂದು ಸಂಖ್ಯೆಯಿಂದ ಬಂದದ್ದಾಗಿತ್ತು. ಮಾರನೆಯ ದಿನ ತಿಪಟೂರಿನ ಜೆರಾಕ್ಸ್ ಅಂಗಡಿಯಲ್ಲಿ ಮೊದಲ ಪುಟವನ್ನು ದೊಡ್ಡ ಹಾಳೆಯ ಮೇಲೆ ಅಡ್ಡಲಾಗಿ ಅಚ್ಚು ಹಾಕಿಸಿಕೊಂಡು, ಶಾಖೆಯ ಹೆಸರಿನ ಕೆಳಗೆ ಉಕ್ಕಿನ ಸ್ಕೇಲನ್ನು ಇಟ್ಟು, ಆಕೆಗೆ ಅನ್ವಯಿಸುವ ಕಾಲಂಗಳಿಗೆ ಮಾತ್ರ ಕೆಂಪು ಪೆನ್ನಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದೆವು. ಅನ್ವಯಿಸುವ ಕಾಲಂಗಳು ಒಂದಲ್ಲ, ಆರು. ಸಾಮಾನ್ಯ ಅರ್ಹತೆಯ ಸೀಟು ಎಂದರೆ ಮೀಸಲಾತಿ ಇಲ್ಲದವರ ಸೀಟಲ್ಲ. ಅದು ಎಲ್ಲರಿಗೂ ತೆರೆದ ಸೀಟು. ಆದ್ದರಿಂದ 2ಎ ಪ್ರವರ್ಗದ, ಗ್ರಾಮೀಣ, ಕನ್ನಡ ಮಾಧ್ಯಮದ ವಿದ್ಯಾರ್ಥಿನಿಯು 2ಎ ಗುಂಪಿನ ಮೂರು ಮನೆಗಳ ಜೊತೆಗೆ ಜಿಎಂ ಕಾಲಮ್ಮನ್ನೂ, ಅದಕ್ಕೆ ಬೇಕಾದ ಪ್ರಮಾಣಪತ್ರಗಳಿದ್ದರೆ ಜಿಎಂಕೆ ಮತ್ತು ಜಿಎಂಆರ್ ಕಾಲಂಗಳನ್ನೂ ನೋಡಬೇಕು. ಆ ಬಣ್ಣದ ವರದಿ ಈ ಆರರಲ್ಲಿ ಎಷ್ಟನ್ನು ನೋಡಿತ್ತೋ, ಅರ್ಜಿಯಲ್ಲಿ ಕೇಳದ ಮೇಲೆ ನಾಲ್ಕನ್ನಂತೂ ನೋಡಿರಲು ಸಾಧ್ಯವಿಲ್ಲ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರು ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಅರ್ಹರಾಗಿದ್ದರೆ ಅವರಿಗೆ ಪ್ರತ್ಯೇಕ ಕಟಾಫ್ ಪಟ್ಟಿಯೇ ಇದೆ. ಆ ಭಾಗದ ಹೊರಗಿನ ಕಾಲೇಜುಗಳಲ್ಲಿ ಅವರಿಗೆ ಶೇಕಡ 8ರಷ್ಟು ಸೀಟುಗಳಿವೆ. ಅವರು ಈ ಸಾಮಾನ್ಯ ಪಟ್ಟಿಯೊಂದನ್ನೇ ನೋಡಿ ನಿರಾಶರಾಗಬಾರದು.

ಇನ್ನು, ಆ 24 ಮನೆಗಳಲ್ಲಿ ಎಲ್ಲವೂ ಒಂದೇ ತೂಕದ ಸಂಖ್ಯೆಗಳಲ್ಲ ಎಂಬುದು ಈ ಪಟ್ಟಿಯನ್ನು ಓದುವಾಗ ತಿಳಿದಿರಲೇಬೇಕಾದ ಸಂಗತಿ. 60 ಸೀಟುಗಳಿರುವ ಒಂದು ಶಾಖೆಯನ್ನು ಊಹಿಸಿಕೊಳ್ಳಿ. ಶೇಕಡ 15ರಂತೆ 2ಎ ಪ್ರವರ್ಗಕ್ಕೆ ಬರುವುದು 9 ಸೀಟು. ಆ ಒಂಬತ್ತರಲ್ಲಿ ಗ್ರಾಮೀಣರಿಗೆ ಶೇಕಡ 15 ಎಂದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಕನ್ನಡ ಮಾಧ್ಯಮದವರಿಗೆ ಶೇಕಡ 5 ಎಂದರೆ ಅರ್ಧ ಸೀಟೂ ಆಗುವುದಿಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಮನೆಯಲ್ಲಿ ಹಲವು ಕಡೆ ಸಂಖ್ಯೆಯ ಬದಲು ಎರಡು ಅಡ್ಡಗೆರೆಗಳು ಮಾತ್ರ ಕಾಣುತ್ತವೆ. ಒಂದೇ ಒಂದು ಸೀಟಿರುವ ಮನೆಯಲ್ಲಿ ಕಳೆದ ವರ್ಷ ಕಾಣುವ ರ‍್ಯಾಂಕ್ ಎಂದರೆ ಒಬ್ಬನೇ ವಿದ್ಯಾರ್ಥಿಯ ರ‍್ಯಾಂಕ್. ಅವನು ಆ ವರ್ಷ ಬೇರೆ ಶಾಖೆಯನ್ನು ಮೇಲೆ ಹಾಕಿದ್ದರೆ ಸಂಖ್ಯೆ ಸಾವಿರಗಟ್ಟಲೆ ಬದಲಾಗುತ್ತಿತ್ತು. ಸೀಟುಗಳು ಹೆಚ್ಚಿರುವ ಜಿಎಂ ಕಾಲಮ್ಮಿನಲ್ಲಿ ಹಾಗಾಗುವುದಿಲ್ಲ. ಅದು ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಸರಿಯುತ್ತದೆ. ಮೂರು ವರ್ಷಗಳ ಹಾಳೆಗಳನ್ನು ಒಂದರ ಕೆಳಗೊಂದು ಹಾಸಿ ನೋಡಿದಾಗ ನಮಗೆ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು: ಜಿಎಂ ಮತ್ತು 2ಎಜಿ ಕಾಲಂಗಳು ನಂಬಬಹುದಾದವು, 2ಎಆರ್ ಸ್ವಲ್ಪ ಜಿಗಿಯುವಂಥದ್ದು, 2ಎಕೆ ಬಂದರೆ ಭಾಗ್ಯ. ಒಬ್ಬರ ಅವಕಾಶವನ್ನು ಒಂದೇ ಶೇಕಡಾವಾರಿನಲ್ಲಿ ಹೇಳುವ ಯಾವ ಸೇವೆಯೂ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ, ಮತ್ತು ಹಳ್ಳಿಯ ಮಕ್ಕಳಿಗೆ ಬೇಕಾಗಿರುವುದು ಈ ವ್ಯತ್ಯಾಸವೇ.

ಹಿಂದಿನ ವರ್ಷಗಳನ್ನು ಹೋಲಿಸುವಾಗಲೂ ಜಾಗ್ರತೆ ಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಾಮಾನ್ಯವಾಗಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಂದ ಅರ್ಧ, ಸಿಇಟಿಯ 180 ಅಂಕಗಳಿಂದ ಅರ್ಧ ತೆಗೆದುಕೊಳ್ಳುತ್ತಾರೆ. ಪಿಯುಸಿಯಲ್ಲಿ 300ಕ್ಕೆ 276, ಸಿಇಟಿಯಲ್ಲಿ 180ಕ್ಕೆ 108 ಬಂದವರಿಗೆ 46 ಮತ್ತು 30 ಸೇರಿ 76 ಆಗುತ್ತದೆ; ಪಿಯುಸಿಯಲ್ಲಿ 291 ಪಡೆದರೂ ಸಿಇಟಿಯಲ್ಲಿ 90ಕ್ಕೆ ನಿಂತವರಿಗೆ 73.5. ಸಿಇಟಿಯ 3 ಅಂಕಗಳು ಪಿಯುಸಿಯ 5 ಅಂಕಗಳಿಗೆ ಸಮ ಎಂಬ ಈ ಲೆಕ್ಕ ಪಿಯುಸಿಯಲ್ಲಿ ತೊಂಬತ್ತರ ಮೇಲೆ ಪಡೆದು ನಿಶ್ಚಿಂತರಾಗಿರುವ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಮಾತ್ರ ಸಿಇಟಿ ಅಂಕಗಳ ಮೇಲೆಯೇ ರ‍್ಯಾಂಕ್ ಕೊಟ್ಟರು. ಮರುವರ್ಷ, ಪುನಃ ಸಿಇಟಿ ಬರೆದ ಆ ಬ್ಯಾಚಿನವರ ಪಿಯುಸಿ ಅಂಕಗಳನ್ನು ಪರಿಗಣಿಸದಿದ್ದುದು ಹೈಕೋರ್ಟಿನವರೆಗೆ ಹೋಗಿ ರ‍್ಯಾಂಕ್ ಪಟ್ಟಿಯನ್ನೇ ಮತ್ತೆ ಮಾಡಬೇಕಾಯಿತು. 2024ರಲ್ಲಿ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅದೇ ವರ್ಷದಿಂದ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ ತೆಗೆದದ್ದರಿಂದ ಖಾಸಗಿ ಕಾಲೇಜುಗಳಲ್ಲಿ ಕಂಪ್ಯೂಟರ್ ಸಂಬಂಧಿ ಸೀಟುಗಳನ್ನು ಹೆಚ್ಚಿಸಿಕೊಳ್ಳಲು ದಾರಿಯಾಯಿತು. ಅಲ್ಲಿ ಸೀಟು ಹೆಚ್ಚಿದಾಗ ಯುವಿಸಿಇಯ ಬೇರೆ ಶಾಖೆಗಳ ಮೇಲಿನ ಒತ್ತಡವೂ ಬದಲಾಗುತ್ತದೆ. ‘ಇಷ್ಟು ಅಂಕಕ್ಕೆ ಹೋದ ವರ್ಷ ಸೀಟು ಸಿಕ್ಕಿತ್ತು’ ಎಂಬ ನೆಂಟರ ಮಾತನ್ನು ಆದ್ದರಿಂದ ಪಕ್ಕಕ್ಕಿಡಬೇಕು. ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲಾಗದು; ರ‍್ಯಾಂಕನ್ನು, ಅದೂ ಹತ್ತಿರದ ಎರಡು ಮೂರು ವರ್ಷಗಳದ್ದನ್ನು ಮಾತ್ರ, ಎಚ್ಚರದಿಂದ ಹೋಲಿಸಬಹುದು.

ಸುತ್ತುಗಳ ವಿಷಯ ಇನ್ನೊಂದು. ನಿಜವಾದ ಸುತ್ತುಗಳಿಗೆ ಮೊದಲು ಮಾದರಿಗಾಗಿ ನಡೆಯುವ ಅಣಕು ಹಂಚಿಕೆಯ ಸಮಯದಲ್ಲಿ ಎನ್‌ಐಟಿಗೆ ಹೋಗುವವರು, ನೀಟ್ ಬರೆದು ವೈದ್ಯಕೀಯಕ್ಕೆ ಹೋಗುವವರು ಎಲ್ಲರೂ ಇನ್ನೂ ಪಟ್ಟಿಯಲ್ಲಿಯೇ ಇರುತ್ತಾರೆ. ಅವರು ಕಳಚಿಕೊಂಡಂತೆಲ್ಲ ಕಟಾಫ್ ಕೆಳಗೆ ಇಳಿಯುತ್ತದೆ, ಎಂದರೆ ಇನ್ನೂ ಹಿಂದಿನ ರ‍್ಯಾಂಕಿನವರಿಗೂ ಸೀಟು ಸಿಗುತ್ತದೆ. ಅಣಕು ಹಂಚಿಕೆಯಲ್ಲಿ ಹೆಸರು ಬರಲಿಲ್ಲವೆಂದು ಆ ರಾತ್ರಿಯೇ ಖಾಸಗಿ ಕಾಲೇಜಿಗೆ ಮುಂಗಡ ಕಟ್ಟಿದ ಕುಟುಂಬವೊಂದನ್ನು ನಾನು ಬಲ್ಲೆ. ಹಿಂದಿನ ವರ್ಷದ ಕೊನೆಯ ಸುತ್ತಿನ ಪಟ್ಟಿಯನ್ನು ಅವರು ಒಮ್ಮೆ ನೋಡಿದ್ದರೆ ಎರಡು ವಾರ ಕಾಯುತ್ತಿದ್ದರು.

ಕೌನ್ಸೆಲಿಂಗ್ ಕಚೇರಿಯವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಆಯ್ಕೆಗಳ ಕ್ರಮದ ವಿಷಯದಲ್ಲಿ. ‘ಯುವಿಸಿಇ ಕಂಪ್ಯೂಟರ್ ಸೈನ್ಸ್ ನಿಮಗೆ ಬರುವುದಿಲ್ಲ, ಅದನ್ನು ಮೇಲೆ ಹಾಕಿ ಆಯ್ಕೆಯನ್ನು ಹಾಳು ಮಾಡಿಕೊಳ್ಳಬೇಡಿ, ಸಿಗುವಂಥದ್ದನ್ನು ಮೊದಲು ಹಾಕಿ’ ಎಂದು ಅವರು ಹೇಳಿದರು. ಈ ಮಾತು ಊರೂರಿನಲ್ಲಿ ಚಾಲ್ತಿಯಲ್ಲಿದೆ, ಮತ್ತು ಇದು ಶುದ್ಧ ತಪ್ಪು. ಹಂಚಿಕೆಯು ರ‍್ಯಾಂಕಿನ ಕ್ರಮದಲ್ಲಿ ನಡೆಯುತ್ತದೆ. ಒಬ್ಬರ ಸರದಿ ಬಂದಾಗ ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ಅವರು ಅರ್ಹರಾಗಿರುವ ಸೀಟು ಉಳಿದಿರುವ ಮೊದಲ ಆಯ್ಕೆಯನ್ನು ಕೊಡಲಾಗುತ್ತದೆ. ಸಿಗದ ಆಯ್ಕೆಯನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಸರದಿಯೂ ಹಿಂದೆ ಹೋಗುವುದಿಲ್ಲ. ಅದಕ್ಕೆ ಬದಲಾಗಿ, ಸಿಗುವಂಥದ್ದನ್ನು ಮೇಲೆ ಹಾಕಿದರೆ ಅದು ಸಿಕ್ಕ ಮರುಕ್ಷಣವೇ ಅದರ ಕೆಳಗಿರುವ ಎಲ್ಲ ಆಯ್ಕೆಗಳೂ ಸತ್ತಂತೆ. ಅವುಗಳಲ್ಲಿ ನಿಮಗೆ ಹೆಚ್ಚು ಇಷ್ಟವಾದದ್ದು ಇದ್ದರೂ ಮುಂದಿನ ಸುತ್ತಿನಲ್ಲಿ ಅದು ಬರುವುದಿಲ್ಲ. ಆ ಬಣ್ಣದ ವರದಿಯಲ್ಲಿ ಎರಡು ಖಾಸಗಿ ಕಾಲೇಜುಗಳು ಯುವಿಸಿಇಯ ಎಲೆಕ್ಟ್ರಿಕಲ್ ಶಾಖೆಗಿಂತ ಮೇಲಿದ್ದವು. ಅದನ್ನು ಹಾಗೆಯೇ ಒಪ್ಪಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅವರು ಕೇಳಿದ ಇನ್ನೊಂದನ್ನೂ ಹೇಳಬೇಕು: ಪ್ರಾಧಿಕಾರದ ಜಾಲತಾಣದ ಲಾಗಿನ್ ಸಂಕೇತಪದ ಮತ್ತು ಒಟಿಪಿ. ‘ಆಪ್ಷನ್ ಎಂಟ್ರಿಯನ್ನು ನಾವೇ ಮಾಡಿಕೊಡುತ್ತೇವೆ’ ಎಂದರು. ಅಕ್ಕ ಕೊಡಲು ತಯಾರಾಗಿದ್ದಳು, ಹುಡುಗಿಯೇ ತಡೆದಳು. ವಿದ್ಯಾರ್ಥಿಗಳ ಲಾಗಿನ್ ವಿವರಗಳನ್ನು ಬಳಸಿಕೊಂಡು ಸೀಟುಗಳನ್ನು ತಡೆಹಿಡಿದ ಪ್ರಕರಣ 2024ರ ಕೊನೆಯಲ್ಲಿ ಪೊಲೀಸರ ತನಕ ಹೋಗಿ ಬಂಧನಗಳೂ ಆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದ ಅವಳಿಗೆ ಅದು ನೆನಪಿತ್ತು. ಯಾರೇ ಕೇಳಲಿ, ಎಷ್ಟೇ ಸೌಜನ್ಯದಿಂದ ಕೇಳಲಿ, ಅದನ್ನು ಕೊಡಬೇಡಿ.

ಕೊನೆಗೆ ನಾವು ಮಾಡಿದ್ದು ಇಷ್ಟು. ಅವಳು ತನಗೆ ಇಷ್ಟವಾದ ಕ್ರಮದಲ್ಲಿಯೇ ಆಯ್ಕೆಗಳನ್ನು ಬರೆದಳು. ಕಂಪ್ಯೂಟರ್ ಸೈನ್ಸ್ ಮೇಲೆ, ಎಲೆಕ್ಟ್ರಾನಿಕ್ಸ್ ಅದರ ಕೆಳಗೆ, ಎಲೆಕ್ಟ್ರಿಕಲ್ ಅದರ ಕೆಳಗೆ, ಎಲ್ಲವೂ ಯುವಿಸಿಇಯವು, ಅವುಗಳ ನಂತರ ಮೈಸೂರು, ಹಾಸನ, ತುಮಕೂರಿನ ಕಾಲೇಜುಗಳು. ಪ್ರತಿಯೊಂದರ ಮುಂದೆ ಪೆನ್ಸಿಲಿನಲ್ಲಿ ‘ಕಷ್ಟ’, ‘ಗಡಿಯಲ್ಲಿದೆ’, ‘ಬರಬಹುದು’ ಎಂಬ ಮೂರರಲ್ಲಿ ಒಂದನ್ನು ಬರೆದೆವು. ಮೂರು ವರ್ಷಗಳಲ್ಲೂ 2ಎಜಿ ಕಟಾಫ್‌ಗಿಂತ ಅವಳ ರ‍್ಯಾಂಕ್ ಚೆನ್ನಾಗಿದ್ದರೆ ‘ಬರಬಹುದು’. 2ಎಆರ್‌ನಲ್ಲಿ ಮಾತ್ರ ಹೊಂದುತ್ತಿದ್ದರೆ ‘ಗಡಿಯಲ್ಲಿದೆ’. ಆರು ಕಾಲಂಗಳಲ್ಲಿ ಎಲ್ಲೂ ಹೊಂದದಿದ್ದರೆ ‘ಕಷ್ಟ’. ವರದಿಯಲ್ಲಿ 78 ಎಂದಿದ್ದ ಎಲೆಕ್ಟ್ರಾನಿಕ್ಸ್ ನಮ್ಮ ಹಾಳೆಯಲ್ಲಿ ‘ಕಷ್ಟ’ಕ್ಕೆ ಬಂತು, ವರದಿಯಲ್ಲಿ ಇಲ್ಲವೇ ಇಲ್ಲ ಎಂಬಷ್ಟು ಕೆಳಗಿದ್ದ ಎಲೆಕ್ಟ್ರಿಕಲ್ ‘ಗಡಿ’ಗೆ ಬಂತು. ಮೊದಲ ಸುತ್ತಿನಲ್ಲಿ ತುಮಕೂರಿನ ಸೀಟು ಬಂದಾಗ ಆಕೆ ಎರಡನೆಯ ಛಾಯ್ಸ್ ಆರಿಸಿದಳು, ಎಂದರೆ ಸಿಕ್ಕ ಸೀಟನ್ನು ಕೈಯಲ್ಲಿಟ್ಟುಕೊಂಡೇ ಮೇಲಿನ ಆಯ್ಕೆಗಳಿಗಾಗಿ ಮುಂದಿನ ಸುತ್ತಿಗೆ ಹೋದಳು. ಎರಡನೆಯ ಸುತ್ತಿನಲ್ಲಿ ಯುವಿಸಿಇ ಎಲೆಕ್ಟ್ರಿಕಲ್ ಬಂತು; ಹಂಚಿಕೆ ಪತ್ರದಲ್ಲಿ ಪ್ರವರ್ಗದ ಎದುರು ‘2ಎಆರ್’ ಎಂದಿತ್ತು. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಇದ್ದ ಆ ಒಂದು ಪ್ರಮಾಣಪತ್ರವಿಲ್ಲದಿದ್ದರೆ ಅವಳು 2ಎಜಿ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು, ಅಲ್ಲಿ ಅವಳಿಗೆ ಆ ಸೀಟು ಇರಲಿಲ್ಲ.

ಪ್ರಾಧಿಕಾರದ ಪಟ್ಟಿಯಲ್ಲಿ ಒಂದು ಬದಲಾವಣೆಯನ್ನು ಮಾತ್ರ ಬಯಸುತ್ತೇನೆ. ಕಟಾಫ್ ರ‍್ಯಾಂಕಿನ ಪಕ್ಕದಲ್ಲಿಯೇ ಆ ಮನೆಯಲ್ಲಿ ಎಷ್ಟು ಸೀಟಿತ್ತು ಎಂಬುದನ್ನು ಸಣ್ಣ ಅಕ್ಷರದಲ್ಲಿ ಕೊಟ್ಟರೆ, ಯಾವ ಸಂಖ್ಯೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ಈಗ ಸೀಟುಗಳ ಹಂಚಿಕೆಯ ಪಟ್ಟಿ ಬೇರೆಯಾಗಿರುವುದರಿಂದ ಎರಡನ್ನೂ ಅಚ್ಚು ಹಾಕಿಸಿ ಅಕ್ಕಪಕ್ಕ ಇಡಬೇಕು. ಇಂಟರ್ನೆಟ್ ಸರಿಯಾಗಿಲ್ಲದ, ದಾಖಲೆ ಓದಿ ಅಭ್ಯಾಸವಿಲ್ಲದ ಮನೆಗಳಿಗೆ ಅದೇ ದೊಡ್ಡ ಕೆಲಸ, ಮತ್ತು ಅಂಥವರು ಯಾರಾದರೂ ತಿಳಿದವರ ನೆರವನ್ನು ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ಒಂದು ಸಂಜೆ ಕುಳಿತು ತೋರಿಸಿದರೆ ಸಾಕು. ದುಡ್ಡು ಕೊಟ್ಟೇ ಹೋಗುವುದಾದರೆ, ‘ನೀವು ಯಾವ ಯಾವ ಕಾಲಂಗಳನ್ನು ನೋಡಿದ್ದೀರಿ, ಯಾವ ಸುತ್ತಿನದು, ಎಷ್ಟು ವರ್ಷದ್ದು’ ಎಂದು ಮೊದಲೇ ಕೇಳಿ. ಉತ್ತರ ಬಂದರೆ ಕುಳಿತುಕೊಳ್ಳಿ.

ನಮ್ಮ ಹಾಳೆಗಳನ್ನು ಹುಡುಗಿ ಜೋಪಾನವಾಗಿ ಇಟ್ಟಿದ್ದಾಳೆ. ಈ ವರ್ಷ ಅದೇ ಊರಿನ ಇನ್ನೊಬ್ಬ ಹುಡುಗ ಸಿಇಟಿ ಬರೆದಿದ್ದಾನೆ. ಅವನದು 3ಎ, ಓದಿದ್ದು ತಿಪಟೂರು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಆದ್ದರಿಂದ ಅವನಿಗೆ ಅನ್ವಯಿಸುವ ಕಾಲಂಗಳು ಎರಡೇ. ಈ ಭಾನುವಾರ ಹೊಸ ಹಾಳೆ ಅಚ್ಚು ಹಾಕಿಸಿಕೊಂಡು ಅವರ ಮನೆಗೆ ಹೋಗುತ್ತಿದ್ದೇವೆ.